ನ್ಯೂರೆಂಬರ್ಗ್‌ನಿಂದ ಪ್ರಾಗ್‌ಗೆ ಕಾರಿನಲ್ಲಿ ಒಂದೂವರೆ ದಿನ: ಕಾರನ್ನು ಎಲ್ಲಿ ಬಿಡುವುದು, ಏನನ್ನು ನೋಡುವುದು?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವಿನೋಬನಗರದ ನಿವಾಸಿ. ನಿವೃತ್ತನಾಗಿ ಎರಡು ವರ್ಷವಾಯಿತು. ಮಗ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು 74 ವರ್ಷದ ನನ್ನ ಅತ್ತೆಯವರು ಮೂರು ವಾರ ಅವನ ಮನೆಯಲ್ಲಿರುತ್ತೇವೆ. ಅವನಿಗೆ ಹೆಚ್ಚು ರಜೆ ಇಲ್ಲದಿರುವುದರಿಂದ ಒಂದು ಶನಿವಾರ ಬೆಳಿಗ್ಗೆ ಅವನ ಕಾರಿನಲ್ಲಿ ಹೊರಟು, ಪಕ್ಕದ ಜೆಕ್ ದೇಶದ ಪ್ರಾಗ್ ನಗರವನ್ನು ನೋಡಿ, ಭಾನುವಾರ ರಾತ್ರಿಯೊಳಗೆ ಮರಳುವುದೆಂದು ಮಾತಾಗಿದೆ. ದೂರ ಸುಮಾರು 300 ಕಿಲೋಮೀಟರ್ ಎಂದು ಮಗ ಹೇಳಿದಾಗ, ಅದು ಶಿವಮೊಗ್ಗದಿಂದ ಬೆಂಗಳೂರಿಗೆ ಹೋದಷ್ಟೇ ಅಲ್ಲವೇ ಎಂದು ನಾನು ಧೈರ್ಯವಾಗಿ ಒಪ್ಪಿಕೊಂಡೆ. ಆದರೆ ಆಮೇಲೆ ಒಂದೊಂದೇ ಸಂದೇಹ ಹುಟ್ಟಿಕೊಳ್ಳುತ್ತಿದೆ.

ಮಗನೂ ಈವರೆಗೆ ಪ್ರಾಗ್‌ಗೆ ಹೋದವನಲ್ಲ. ಊರಿನ ನಡುವೆಯೇ ಒಂದು ವಸತಿಗೃಹ ಹಿಡಿದು ಅದರ ಬಾಗಿಲಿಗೇ ಕಾರನ್ನು ಒಯ್ದರೆ ಅಜ್ಜಿಗೆ ಅನುಕೂಲ ಎಂಬುದು ಅವನ ಯೋಚನೆ. ಅತ್ತೆಯವರಿಗೆ ಮಂಡಿನೋವು ಇದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಒಂದು ಕಿಲೋಮೀಟರ್ ನಡೆಯಬಲ್ಲರು, ಮೆಟ್ಟಿಲು ಮಾತ್ರ ಆಗದು. ನಾನು ನಲವತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಮಳೆಗಾಲದ ಆಗುಂಬೆ ಘಾಟಿಯಲ್ಲೂ ಓಡಿಸಿದ್ದೇನೆ, ಆದ್ದರಿಂದ ಅರ್ಧ ದಾರಿ ನಾನೇ ಓಡಿಸಬೇಕೆಂಬ ಆಸೆಯೂ ಇದೆ. ಅದಕ್ಕೆ ಇಲ್ಲಿಂದ ಏನು ಮಾಡಿಸಿಕೊಂಡು ಹೋಗಬೇಕು? ಕಾರನ್ನು ಎಲ್ಲಿ ಬಿಡಬೇಕು? ಇಷ್ಟು ಕಡಿಮೆ ಸಮಯದಲ್ಲಿ ಏನನ್ನು ನೋಡಬಹುದು? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಘಟ್ಟದ ಮೇಲಿನವ, ತೀರ್ಥಹಳ್ಳಿ (ಉತ್ತರ)

ತುಂಗಾತೀರ ಸರ್, ನಮಸ್ಕಾರ. ನಾನು ನಾಲ್ಕು ವರ್ಷ ಬವೇರಿಯಾದಲ್ಲಿದ್ದು ಊರಿಗೆ ಮರಳಿದವನು. ನೀವು ಹೇಳುವ ದಾರಿಯಲ್ಲಿ ಆರೇಳು ಬಾರಿ ಓಡಾಡಿದ್ದೇನೆ. ನಿಮ್ಮ ಮಗನ ಯೋಜನೆಯಲ್ಲಿ ಬದಲಿಸಬೇಕಾದದ್ದು ಒಂದೇ: ಕಾರು ಪ್ರಾಗ್‌ನವರೆಗೆ ಹೋಗಲಿ, ಪ್ರಾಗ್‌ನ ಒಳಗೆ ಬೇಡ. ಸಾಗರದ ಮಾರಿಕಾಂಬಾ ಜಾತ್ರೆಯ ದಿನ ದೇವಸ್ಥಾನದ ಎದುರಿಗೇ ಕಾರು ನಿಲ್ಲಿಸುತ್ತೇನೆಂದು ಯಾರಾದರೂ ಹೊರಟರೆ ನಾವು ಏನು ಹೇಳುತ್ತೇವೆಯೋ ಅದನ್ನೇ ಇಲ್ಲಿಯೂ ಹೇಳಬೇಕು. ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಪ್ರಾಗ್‌ನಲ್ಲಿ ಅದು ದಿನವೂ ಇರುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ದಾರಿಯ ವಿಷಯ. ನ್ಯೂರೆಂಬರ್ಗ್‌ನಿಂದ ಎ6 ಹೆದ್ದಾರಿ ಪೂರ್ವಕ್ಕೆ ಹೋಗಿ ವೈಡ್‌ಹೌಸ್ ಎಂಬಲ್ಲಿ ಗಡಿ ಮುಟ್ಟುತ್ತದೆ. ಗಡಿಯಾಚೆ ಅದೇ ರಸ್ತೆ ಡಿ5 ಎಂಬ ಹೆಸರಿನಲ್ಲಿ ಪ್ಲ್‌ಜೆನ್ ಊರನ್ನು ಬಳಸಿ ಪ್ರಾಗ್‌ನ ಪಶ್ಚಿಮದ ಅಂಚಿಗೆ ಬಂದು ಸೇರುತ್ತದೆ. ಜೆಕ್ ದೇಶವೂ 2007ರಿಂದ ಷೆಂಗೆನ್ ವಲಯದಲ್ಲಿರುವುದರಿಂದ ಜರ್ಮನಿಯ ವೀಸಾ ಸಾಕಾಗುತ್ತದೆ. ಆದರೆ 2023ರ ಅಕ್ಟೋಬರ್‌ನಿಂದ ಜರ್ಮನಿ ತನ್ನ ಕಡೆಯ ಗಡಿಯಲ್ಲಿ ಮತ್ತೆ ತಪಾಸಣೆ ಆರಂಭಿಸಿತು. ಹಾಗಾಗಿ ಹೋಗುವಾಗ ಯಾರೂ ಕೇಳಲಿಲ್ಲವೆಂದು ಪಾಸ್‌ಪೋರ್ಟನ್ನು ಕಡೆಗಣಿಸಬೇಡಿ, ಬರುವಾಗ ಕೇಳಬಹುದು. ಮೂವರ ಪಾಸ್‌ಪೋರ್ಟೂ ಕೈಗೆ ಸಿಗುವ ಚೀಲದಲ್ಲಿರಲಿ.

ಜರ್ಮನಿಯ ಹೆದ್ದಾರಿಯಲ್ಲಿ ಕಾರಿಗೆ ಸುಂಕವಿಲ್ಲ, ಜೆಕ್ ದೇಶದಲ್ಲಿ ಇದೆ. ನಮ್ಮ ಹಾಗೆ ಟೋಲ್ ಗೇಟು, ಫಾಸ್ಟ್ಯಾಗ್ ಯಾವುದೂ ಅಲ್ಲ. ಇಂತಿಷ್ಟು ದಿನದ್ದೆಂದು ಮೊದಲೇ ಹಣ ಕಟ್ಟಬೇಕು. ಹಿಂದೆ ಗಾಜಿಗೆ ಅಂಟಿಸುವ ಚೀಟಿ ಕೊಡುತ್ತಿದ್ದರು; 2021ರಿಂದ ಎಲ್ಲವೂ ವಿದ್ಯುನ್ಮಾನವಾಗಿ, ಕಾರಿನ ಸಂಖ್ಯೆಗೇ ದಾಖಲಾಗುತ್ತದೆ, ರಸ್ತೆಯ ಮೇಲಿನ ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಒಂದು ದಿನದ ಪರವಾನಗಿ ಆ ದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. ನೀವು ಶನಿವಾರ ಹೋಗಿ ಭಾನುವಾರ ಬರುವವರಾದ್ದರಿಂದ ನಿಮಗೆ ಎರಡು ಬೇಕಾಗುತ್ತದೆ. 2024ರಲ್ಲಿ ಒಂದು ದಿನದ್ದಕ್ಕೆ 200 ಕೊರುನಾ (ಜೆಕ್ ದೇಶದ ಹಣ), ಹತ್ತು ದಿನದ್ದಕ್ಕೆ 270 ಕೊರುನಾ ಇತ್ತು. ದರ ಆಮೇಲೆ ಏರಿದೆಯಾದರೂ ಲೆಕ್ಕ ಬದಲಾಗಿಲ್ಲ. ಹತ್ತು ದಿನದ್ದನ್ನೇ ಕೊಳ್ಳಿ. ಸರ್ಕಾರದ ಜಾಲತಾಣದಲ್ಲಿಯೇ ಕೊಳ್ಳಿ, ಏಕೆಂದರೆ ಹುಡುಕಿದಾಗ ಮೇಲೆ ಕಾಣಿಸುವ ಕೆಲವು ತಾಣಗಳು ದಳ್ಳಾಳಿಗಳದ್ದು. ಸಂಖ್ಯೆ ಬರೆಯುವಾಗ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬಿದ್ದರೆ ನೀವು ಹಣ ಕಟ್ಟಿದ್ದು ಬೇರೆ ಯಾವುದೋ ಕಾರಿಗೆ ಎಂದಾಗುತ್ತದೆ. ಮಗನ ಕಾರು ಪೂರ್ತಿ ವಿದ್ಯುತ್ತಿನದಾದರೆ ಈ ಸುಂಕವೇ ಇಲ್ಲ.

ನೀವು ಓಡಿಸುವ ವಿಷಯ. ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿಯೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಬಹುದು. ಪಾಸ್‌ಪೋರ್ಟ್‌ನ ಪ್ರತಿ ಬೇಕು, ಒಂದು ವರ್ಷದ ಅವಧಿ ಇರುತ್ತದೆ. ಮೂಲ ಲೈಸೆನ್ಸನ್ನೂ ಜೊತೆಗೆ ಒಯ್ಯಬೇಕು. ಅದಕ್ಕಿಂತ ಮುಖ್ಯವಾದದ್ದು ವಿಮೆ. ಜರ್ಮನಿಯಲ್ಲಿ ಕಾರನ್ನು ಯಾರು ಯಾರು ಓಡಿಸುತ್ತಾರೆ ಎಂಬುದನ್ನು ವಿಮೆಯವರಿಗೆ ತಿಳಿಸಿರಬೇಕಾಗುತ್ತದೆ, ಹಾಗಾಗಿ ಮಗ ಮೊದಲೇ ನಿಮ್ಮ ಹೆಸರನ್ನು ಸೇರಿಸಲಿ. ಬಲಗಡೆಯಲ್ಲಿ ಓಡಿಸುವುದು ಹೆದ್ದಾರಿಯಲ್ಲಿ ಕಷ್ಟವಲ್ಲ. ಪೆಟ್ರೋಲ್ ಬಂಕಿನಿಂದ ಹೊರಬಂದು ಖಾಲಿ ರಸ್ತೆಗೆ ತಿರುಗುವಾಗ ಮಾತ್ರ ಮನಸ್ಸು ತಾನಾಗಿ ಎಡಕ್ಕೆ ಎಳೆಯುತ್ತದೆ. ಗೇರು ಬಲಗೈಗೆ ಬಂದಿರುತ್ತದೆ. ಮೊದಲ ದಿನ ನನ್ನ ಎಡಗೈ ಗೇರು ಹಾಕಲು ಹೋಗಿ ಬಾಗಿಲಿನ ಹಿಡಿಕೆಯನ್ನು ನಾಲ್ಕು ಸಲ ಎಳೆದಿತ್ತು. ನಿಮಗೆ ಸಮಾಧಾನವಾಗಲೆಂದು ಹೇಳುತ್ತೇನೆ: ಪ್ರಾಗ್‌ನವರೂ ಒಂದು ಕಾಲದಲ್ಲಿ ನಮ್ಮಂತೆ ಎಡಗಡೆಯಲ್ಲೇ ಓಡಿಸುತ್ತಿದ್ದರು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಬಂದು ಕೂತ ಮೇಲೆ, ಕೆಲವೇ ದಿನಗಳಲ್ಲಿ ಇಡೀ ಊರು ಬಲಕ್ಕೆ ಬದಲಾಯಿತು.

ಜೆಕ್ ನೆಲದಲ್ಲಿ ಹಗಲಿನಲ್ಲೂ ಹೆಡ್‌ಲೈಟ್ ಹಾಕಿರಬೇಕು. ಚಾಲಕನ ರಕ್ತದಲ್ಲಿ ಮದ್ಯ ಸ್ವಲ್ಪವೂ ಇರಕೂಡದು. ದಾರಿಯಲ್ಲಿ ಸಿಗುವ ಪ್ಲ್‌ಜೆನ್ 1842ರಲ್ಲಿ ಪಿಲ್ಸ್‌ನರ್ ಬಿಯರ್ ಹುಟ್ಟಿದ ಊರಾದ್ದರಿಂದ ಈ ಮಾತನ್ನು ಹೇಳಬೇಕಾಯಿತು, ತಪ್ಪು ತಿಳಿಯಬೇಡಿ.

ಇನ್ನು ಕಾರು ಬಿಡುವ ಜಾಗ. ಡಿ5 ಬಂದು ಮುಟ್ಟುವ ಅಂಚಿನಲ್ಲೇ ಜ್ಲಿಚೀನ್ ಎಂಬ ಮೆಟ್ರೊ ನಿಲ್ದಾಣವಿದೆ, ಹಳದಿ ಬಣ್ಣದ ಬಿ ಮಾರ್ಗದ ಕೊನೆಯ ನಿಲ್ದಾಣ. ಅಲ್ಲಿ ಕಾರು ಬಿಟ್ಟು ಮೆಟ್ರೊ ಹತ್ತುವವರಿಗಾಗಿಯೇ ನಿಲುಗಡೆ ಜಾಗ ಮಾಡಿದ್ದಾರೆ. ಆದರೆ ಅದು ಹಗಲು ಹೋಗಿ ಬರುವವರನ್ನು ನೆನೆದು ಮಾಡಿದ ಏರ್ಪಾಡು. ನೀವು ರಾತ್ರಿ ಉಳಿಯುವವರಾದ್ದರಿಂದ, ಇದೇ ಬಿ ಮಾರ್ಗದ ಮೇಲೆ ಊರಿನ ಹೊರವಲಯದಲ್ಲಿ, ತನ್ನದೇ ಆವರಣದಲ್ಲಿ ಕಾರು ನಿಲ್ಲಿಸಿಕೊಳ್ಳುವ ಒಂದು ವಸತಿಗೃಹವನ್ನು ಹಿಡಿಯಿರಿ. ಶನಿವಾರ ಮಧ್ಯಾಹ್ನ ಕಾರಿನ ಕೀಲಿಯನ್ನು ಚೀಲಕ್ಕೆ ಹಾಕಿದರೆ ಭಾನುವಾರ ಹೊರಡುವ ತನಕ ಅದನ್ನು ತೆಗೆಯಬಾರದು.

ಅಡಿಕೆಚಪ್ಪರ, ಹೊಸನಗರ (ಉತ್ತರ)

ಮೇಲಿನವರು ಜಾತ್ರೆಯ ಹೋಲಿಕೆ ಕೊಟ್ಟಿದ್ದಾರೆ. ನಾನು ಆ ಜಾತ್ರೆಯಲ್ಲಿ ಕಾರು ತೂರಿಸಿ ಸಿಕ್ಕಿಬಿದ್ದವನು. ಎರಡು ವರ್ಷದ ಹಿಂದೆ ನಾವು ನಾಲ್ವರು ಮ್ಯೂನಿಕ್‌ನಿಂದ ಹೋಗಿದ್ದೆವು. ಊರಿನ ನಡುವಿನ ಒಂದು ವಸತಿಗೃಹದವರು ಕಾರು ನಿಲ್ಲಿಸಲು ಜಾಗವಿದೆ ಎಂದು ಬರೆದಿದ್ದರು. ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿದರೆ ಆ ಜಾಗ ಎರಡು ಬೀದಿಯಾಚೆ ಇತ್ತು ಮತ್ತು ತುಂಬಿಹೋಗಿತ್ತು. ಮಕ್ಕಳು ಹಸಿದಿದ್ದರು. ಮರದ ಕೆಳಗೆ ಒಂದು ಖಾಲಿ ಜಾಗ ಕಂಡಿತು, ನಿಲ್ಲಿಸಿ ಮಲಗಿದೆವು. ರಸ್ತೆಯಂಚಿನಲ್ಲಿ ನೀಲಿ ಗೆರೆ ಎಳೆದಿದ್ದನ್ನು ಆ ಬೀದಿದೀಪದ ಬೆಳಕಿನಲ್ಲಿ ನಾನು ಬಿಳಿ ಎಂದೇ ಭಾವಿಸಿದ್ದೆ.

ಬೆಳಿಗ್ಗೆ ಮುಂದಿನ ಚಕ್ರಕ್ಕೆ ಕಬ್ಬಿಣದ ಹಿಡಿ ಬಿದ್ದಿತ್ತು, ಗಾಜಿನ ಮೇಲೆ ಒಂದು ಕಾಗದ ಅಂಟಿತ್ತು. ಅದಕ್ಕೆ ಜೆಕ್ ಜನ 'ಬೊತಿಚ್ಕಾ' ಎನ್ನುತ್ತಾರೆ, ಪುಟ್ಟ ಬೂಟು ಎಂದು ಅರ್ಥ. ಹೆಸರು ಮುದ್ದಾಗಿದೆ. ಕಾಗದದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ, ಬರುವವರಿಗಾಗಿ ಕಾದು, ದಂಡ ಕಟ್ಟಿ ಬಿಡಿಸಿಕೊಳ್ಳುವಷ್ಟರಲ್ಲಿ ಬೆಳಗಿನ ಹೊತ್ತು ಪೂರ್ತಿ ಹೋಯಿತು. ಇದರಲ್ಲಿ ಬಂದವರ ತಪ್ಪೇನೂ ಇಲ್ಲ, ಫಲಕ ಓದದ ತಪ್ಪು ನನ್ನದೇ. ನೀಲಿ ಗೆರೆ ಆ ಬಡಾವಣೆಯ ನಿವಾಸಿಗಳದ್ದು, ಕಿತ್ತಳೆ ಗೆರೆ ಹಣ ಕೊಟ್ಟು ಸ್ವಲ್ಪ ಹೊತ್ತು ನಿಲ್ಲಿಸುವವರದ್ದು, ನೇರಳೆ ಗೆರೆ ಇಬ್ಬರಿಗೂ ಸೇರಿದ್ದು ಎಂಬುದನ್ನು ನಾನು ಆ ಕಲ್ಲುಕಟ್ಟೆಯ ಮೇಲೆ ಕುಳಿತು ಕಾಯುವಾಗ ಕಲಿತೆ. ಛಾವಣಿಯ ಮೇಲೆ ಕ್ಯಾಮೆರಾ ಕಟ್ಟಿಕೊಂಡ ಕಾರೊಂದು ನಿಲ್ಲಿಸಿದ ವಾಹನಗಳ ಸಂಖ್ಯೆಗಳನ್ನು ಓದುತ್ತಾ ನಮ್ಮೆದುರೇ ಎರಡು ಸಲ ಹಾದುಹೋಯಿತು.

ಒಳಗೆ ಓಡಿಸುವುದಕ್ಕೂ ನನ್ನ ಮತ ಬೇಡವೆಂದೇ. ರಸ್ತೆಯ ನಡುವೆ ಟ್ರಾಮ್ ಬರುತ್ತದೆ. ಪಾದಚಾರಿ ಪಟ್ಟಿಯ ಮೇಲೆ ಕಾರಿನವರು ನಿಲ್ಲುತ್ತಾರೆ, ಟ್ರಾಮ್ ನಿಲ್ಲುವುದಿಲ್ಲ, ಅಲ್ಲಿನ ಕಾನೂನಿನಲ್ಲಿಯೂ ಟ್ರಾಮಿಗೇ ಮೊದಲ ಹಕ್ಕು. ಆದ್ದರಿಂದ ನಡೆಯುವಾಗಲೂ ಅಜ್ಜಿಯ ಕೈ ಹಿಡಿದಿರಿ. ನಮ್ಮ ಕಣ್ಣು ಮೊದಲು ಬಲಕ್ಕೆ ನೋಡಲು ಕಲಿತದ್ದು, ಅಲ್ಲಿ ಹತ್ತಿರದ ವಾಹನ ಬರುವುದು ಎಡದಿಂದ.

ಹಣದ ಬಗ್ಗೆ ಒಂದು ಮಾತು. ಅಲ್ಲಿ ಯೂರೊ ಅಲ್ಲ, ಕೊರುನಾ. ಕೆಲವು ಅಂಗಡಿಗಳು ಯೂರೊ ತೆಗೆದುಕೊಳ್ಳುತ್ತವೆ, ದರ ಅವರದ್ದು. ಎಟಿಎಂನಲ್ಲಿ ಹಣ ತೆಗೆಯುವಾಗ ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ ಎಂದು ಯಂತ್ರ ಬಹಳ ವಿನಯದಿಂದ ಕೇಳುತ್ತದೆ; ಬೇಡ ಎಂದು ಒತ್ತಬೇಕು, ಇಲ್ಲದಿದ್ದರೆ ಬ್ಯಾಂಕು ಕೊಡುವುದಕ್ಕಿಂತ ಕೆಟ್ಟ ದರ ಬೀಳುತ್ತದೆ. ಮೆಟ್ರೊ ನಿಲ್ದಾಣಗಳಲ್ಲಿ ಗೇಟು ಇರುವುದಿಲ್ಲ, ಕಾಗದದ ಟಿಕೆಟನ್ನು ನಾವೇ ಯಂತ್ರಕ್ಕೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಟಿಕೆಟ್ ಕೊಂಡೂ ಮುದ್ರೆ ಹಾಕಿಸದವರು ಟಿಕೆಟ್ ಇಲ್ಲದವರಿಗೆ ಸಮ.

ಕುಶಾವತಿ, ತೀರ್ಥಹಳ್ಳಿ (ಉತ್ತರ)

ಸರ್, ಕಾರಿನ ವಿಷಯ ಇಬ್ಬರೂ ಚೆನ್ನಾಗಿ ಬರೆದಿರುವುದರಿಂದ ನಾನು ನಿಮ್ಮ ಅತ್ತೆಯವರ ಮಂಡಿಯಿಂದ ಆರಂಭಿಸುತ್ತೇನೆ. ನನ್ನ ಅಮ್ಮನನ್ನು ಕರೆದುಕೊಂಡು ಹೋದಾಗ ಅವರಿಗೂ ಇದೇ ತೊಂದರೆ ಇತ್ತು. ರೈಲಿನಲ್ಲಿ ಹೋಗಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಮಂಡಿನೋವಿನವರಿಗೆ ಚೀಲ ಹೊತ್ತು ರೈಲು ಬದಲಿಸುವುದಕ್ಕಿಂತ ಬೇಕಾದಲ್ಲಿ ನಿಲ್ಲಿಸಿ ಕಾಲು ಚಾಚಬಹುದಾದ ಕಾರೇ ಲೇಸು.

ಪ್ರಾಗ್‌ನ ಕೋಟೆ ಗುಡ್ಡದ ಮೇಲಿದೆ. ಹೆಚ್ಚಿನವರು ಸೇತುವೆ ದಾಟಿ, ಏರುಬೀದಿಯಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಾರೆ. ನೀವು ಅದನ್ನು ತಿರುಗಿಸಿ: ಮೇಲಿನಿಂದ ಕೆಳಗೆ ಬನ್ನಿ. ಬಿ ಮಾರ್ಗದಲ್ಲಿ ನಾರೊಡ್ನಿ ತ್ರೀದಾ ನಿಲ್ದಾಣದಲ್ಲಿ ಇಳಿದು 22ನೆಯ ಸಂಖ್ಯೆಯ ಟ್ರಾಮ್ ಹತ್ತಿದರೆ, ಅದು ನದಿ ದಾಟಿ, ಗುಡ್ಡವನ್ನು ಸುತ್ತಿ ಹತ್ತಿ, ಪ್ರಾಷ್ಕೀ ಹ್ರಾದ್ ಎಂಬ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ಕೋಟೆಗೆ ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಮಾತ್ರ. ಅಂಗಳದ ನಡುವೆ ನಿಂತಿರುವ ಸಂತ ವಿಟಸ್ ಚರ್ಚನ್ನು 1344ರಲ್ಲಿ ಕಟ್ಟಲು ಆರಂಭಿಸಿ 1929ರಲ್ಲಿ ಮುಗಿಸಿದರು. ನಮ್ಮೂರಿನ ಯಾವುದೋ ಮೋರಿಯ ಕೆಲಸ ನೆನಪಾದರೆ ಅದು ನಿಮ್ಮ ತಪ್ಪಲ್ಲ.

ಕೋಟೆಯಿಂದ ಕೆಳಗಿಳಿಯಲು ಹಳೆಯ ಮೆಟ್ಟಿಲುಗಳಿವೆ, ಚಿತ್ರದಲ್ಲಿ ಬಹಳ ಸುಂದರ. ಅಲ್ಲಿ ಹೋಗಲೇಬೇಡಿ, ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಬಂದ ಟ್ರಾಮನ್ನೇ ಹಿಡಿದು ಮಾಲೊಸ್ತ್ರಾನ್ಸ್ಕೆ ನಾಮ್ಯೆಸ್ತಿ ಎಂಬ ಚೌಕದಲ್ಲಿ ಇಳಿಯಿರಿ, ಅಲ್ಲಿಂದ ಒಂದು ನೇರವಾದ ಬೀದಿ ಚಾರ್ಲ್ಸ್ ಸೇತುವೆಗೆ ಹೋಗುತ್ತದೆ. ನಾಲ್ಕನೆಯ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲು ಹಾಕಿದ ಈ ಸೇತುವೆ 516 ಮೀಟರ್ ಉದ್ದವಿದೆ, ಎರಡೂ ಅಂಚಿನಲ್ಲಿ ಸೇರಿ ಮೂವತ್ತು ಪ್ರತಿಮೆಗಳಿವೆ. ಅವುಗಳಲ್ಲಿ ಹಲವು ಈಗ ಪ್ರತಿಕೃತಿಗಳು. ಮೂಲವನ್ನು ಮಳೆಗಾಳಿಗೆ ಬಿಡದೆ ಒಳಗಿಟ್ಟಿದ್ದಾರೆ. ಕಾರಿನ ಬಗ್ಗೆ ಕೇಳಿದ ನಿಮಗೆ ಇದು ಇಷ್ಟವಾಗಬಹುದು: 1905ರಿಂದ 1908ರವರೆಗೆ ಈ ಸೇತುವೆಯ ಮೇಲೆ ಎಲೆಕ್ಟ್ರಿಕ್ ಟ್ರಾಮ್ ಓಡಿತ್ತು, ಆಮೇಲೆ ಮೋಟಾರು ವಾಹನಗಳೂ ಓಡಾಡಿದವು, 1965ರಲ್ಲಿ ಆರಂಭವಾದ ದೊಡ್ಡ ದುರಸ್ತಿಯ ನಂತರ ಅದು ನಡೆಯುವವರಿಗೆ ಮಾತ್ರ ಉಳಿಯಿತು.

ಆ ಸೇತುವೆಯ ಮೇಲೆ ಹಗಲು ಹನ್ನೊಂದಕ್ಕೆ ಹೋದರೆ ನಿಮಗೆ ಕಾಣುವುದು ಮುಂದಿನವರ ಬೆನ್ನು. ಮೇ ತಿಂಗಳಲ್ಲಿ ಐದು ಗಂಟೆಯ ಹೊತ್ತಿಗೇ ಅಲ್ಲಿ ಬೆಳಕಾಗಿರುತ್ತದೆ. ಕೊಟ್ಟಿಗೆ ಕೆಲಸಕ್ಕೆ ಏಳುವ ಅಭ್ಯಾಸದ ಅಮ್ಮ ಐದಕ್ಕೇ ಎದ್ದು ಕುಳಿತಿದ್ದರು, ಆರು ಗಂಟೆಗೆ ನಾವು ಸೇತುವೆಯ ಮೇಲಿದ್ದೆವು. ಕೆಳಗೆ ವಲ್ತಾವಾ ನದಿ ಒಡ್ಡಿನ ಮೇಲಿಂದ ಇಳಿಯುವ ಸದ್ದು ಕೇಳುತ್ತಿತ್ತು, ಒಬ್ಬ ಮುದುಕ ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ, ಕಲ್ಲಿನ ಮೇಲೆ ಹಿಂದಿನ ರಾತ್ರಿಯ ಮಳೆ ಇನ್ನೂ ಆರಿರಲಿಲ್ಲ. ಅಮ್ಮ ಸೇತುವೆಯ ಕಟ್ಟೆಗೆ ಕೈಯೂರಿ ನೋಡಿ, "ನಮ್ಮ ಕಮಾನು ಸೇತುವೆಯ ಮೇಲೆ ನಿಂತ ಹಾಗೇ ಆಯ್ತಲ್ಲೇ" ಎಂದರು. ಅಷ್ಟು ದೂರ ಕರೆದುಕೊಂಡು ಹೋದ ನನಗೆ ಸ್ವಲ್ಪ ಬೇಸರವೇ ಆಯಿತು, ಆದರೂ ಅವರು ಹೇಳಿದ್ದು ಸುಳ್ಳಲ್ಲ.

ಹಳೆಯ ಊರಿನ ಚೌಕದ ಗಡಿಯಾರ 1410ರದು; ಪ್ರತಿ ಗಂಟೆಗೊಮ್ಮೆ ಮೇಲಿನ ಕಿಂಡಿಯಲ್ಲಿ ಕ್ರಿಸ್ತನ ಶಿಷ್ಯರ ಗೊಂಬೆಗಳು ಸಾಲಾಗಿ ಹಾದುಹೋಗುತ್ತವೆ. ನೋಡಿ, ಆದರೆ ಅದಕ್ಕಾಗಿ ಅರ್ಧ ಗಂಟೆ ಕಾಯಬೇಡಿ. ಎಲ್ಲರೂ ತಲೆಯೆತ್ತಿ ನಿಂತಿರುವ ಆ ಹೊತ್ತು ಜೇಬುಗಳ್ಳರಿಗೆ ಸುಗ್ಗಿ. ನನ್ನ ಅಭಿಪ್ರಾಯದಲ್ಲಿ ಗಡಿಯಾರಕ್ಕಿಂತ ಅದರ ಕೆಳಭಾಗದ ತಿಂಗಳುಗಳ ಚಕ್ರವನ್ನು ಗಂಟೆ ಹೊಡೆಯದ ಹೊತ್ತಿನಲ್ಲಿ ಬಿಡುವಾಗಿ ನೋಡುವುದೇ ಚೆಂದ. ಊರಿನ ನೆಲವೆಲ್ಲ ಸಣ್ಣ ಕಲ್ಲು ಹಾಸಿದ್ದು, ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮ ಮನೆಯಲ್ಲಿ ಮಾಂಸ ತಿನ್ನದವರಿದ್ದರೆ 'ಬ್ರಾಂಬೊರಾಕ್' ಎಂಬ ಆಲೂಗಡ್ಡೆ ದೋಸೆ ಸಿಗುತ್ತದೆ. ಮಾಂಸ ಹಾಕಿಲ್ಲವೇ ಎಂದು ಕೇಳಿಯೇ ತಿನ್ನಿ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವವರಿದ್ದರೆ ಒಯ್ಯಿರಿ. ತಾಜಾ ಮಾವಿನಹಣ್ಣು, ತುಪ್ಪ, ಮಜ್ಜಿಗೆ ಮೆಣಸು ಮಾತ್ರ ಬೇಡ, ಹಾಲಿನ ಪದಾರ್ಥಕ್ಕೂ ಪ್ರಮಾಣಪತ್ರವಿಲ್ಲದ ಹಣ್ಣಿಗೂ ಐರೋಪ್ಯ ಒಕ್ಕೂಟದಲ್ಲಿ ತಡೆ ಇದೆ.

ತುಂಗಾತೀರ, ಶಿವಮೊಗ್ಗ (ಮರುಪ್ರಶ್ನೆ)

ಮೂವರಿಗೂ ಅನಂತ ಧನ್ಯವಾದಗಳು. ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಊರಿನ ನಡುವಿನ ವಸತಿಗೃಹವನ್ನು ಅವನು ಆಗಲೇ ಕಾಯ್ದಿರಿಸಿದ್ದನಂತೆ. ಹೊಸನಗರದ ಸರ್ ಬರೆದ ಪುಟ್ಟ ಬೂಟಿನ ಕಥೆ ಕೇಳಿದ ಮೇಲೆ ರದ್ದು ಮಾಡಿ, ಬಿ ಮಾರ್ಗದ ಮೇಲೆ ಆವರಣದೊಳಗೆ ಕಾರು ನಿಲ್ಲಿಸುವ ಒಂದನ್ನು ಹುಡುಕಿದ್ದಾನೆ. ವಿಮೆಯವರಿಗೂ ಬರೆಯುತ್ತಾನಂತೆ. ಆರ್‌ಟಿಒ ಕಚೇರಿಗೆ ನಾನು ಸೋಮವಾರ ಹೋಗುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಕೋಟೆ, ಭಾನುವಾರ ಬೆಳಿಗ್ಗೆ ಸೇತುವೆ ಮತ್ತು ಚೌಕ, ಹನ್ನೊಂದಕ್ಕೆಲ್ಲ ಮೆಟ್ರೊ ಹತ್ತಿ ಕಾರಿನ ಬಳಿಗೆ ಮರಳುವುದು ಎಂದು ನಿರ್ಧರಿಸಿದ್ದೇವೆ.

ಅತ್ತೆಯವರು ಇದೆಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ಹೊಸ ನದಿಯನ್ನು ಕಂಡರೆ ಕೈಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಳ್ಳುವುದು ಅವರ ಪದ್ಧತಿ. ಆ ವಲ್ತಾವಾ ನದಿಯ ನೀರನ್ನು ಮುಟ್ಟುವಷ್ಟು ಹತ್ತಿರ ಹೋಗಲು ಸಾಧ್ಯವಿದೆಯೇ, ಅಥವಾ ಸೇತುವೆಯ ಮೇಲಿಂದ ನೋಡಿ ಬರಬೇಕೇ ಎಂದು ಕೇಳುತ್ತಿದ್ದಾರೆ.

ಘಟ್ಟದ ಮೇಲಿನವ, ತೀರ್ಥಹಳ್ಳಿ (ಉತ್ತರ)

ಸಾಧ್ಯವಿದೆ ಸರ್. ನೀವು ಓಡಾಡುವ ಅದೇ ಬಿ ಮಾರ್ಗದಲ್ಲಿ ಕಾರ್ಲೊವೊ ನಾಮ್ಯೆಸ್ತಿ ಎಂಬ ನಿಲ್ದಾಣವಿದೆ. ಅದರ ಎರಡು ದ್ವಾರಗಳಲ್ಲಿ ಪಲಾಟ್ಸ್ಕೆಹೊ ನಾಮ್ಯೆಸ್ತಿ ಎಂದು ಬರೆದ ದ್ವಾರದಿಂದ ಹೊರಗೆ ಬಂದರೆ ನದಿ ಎದುರಿಗೇ ಕಾಣುತ್ತದೆ. ರಸ್ತೆಯ ಮಟ್ಟದಿಂದ ಕೆಳಗೆ, ನೀರಿನ ಅಂಚಿನಲ್ಲೇ, ನಾಪ್ಲಾವ್ಕಾ ಎಂಬ ಕಲ್ಲುಹಾಸಿನ ದಂಡೆ ಉದ್ದಕ್ಕೂ ಇದೆ. ಅಲ್ಲಿಗೆ ಇಳಿಯುವಲ್ಲಿ ಮೆಟ್ಟಿಲುಗಳಿವೆ, ಇಬ್ಬರು ಎರಡು ಕಡೆ ಹಿಡಿದುಕೊಂಡರೆ ಇಳಿಯಬಹುದು. ಶನಿವಾರ ಮಧ್ಯಾಹ್ನದವರೆಗೆ ಅಲ್ಲಿ ರೈತರ ಸಂತೆಯೂ ಇರುತ್ತದೆ, ಬೇಗ ತಲುಪಿದರೆ ಅದನ್ನೂ ನೋಡಬಹುದು. ದಂಡೆಗೆ ತಡೆಗೋಡೆ ಇಲ್ಲ, ನೀರು ಆಳವಾಗಿದೆ. 2002ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಮೆಟ್ರೊ ಸುರಂಗದೊಳಗೇ ನುಗ್ಗಿತ್ತು. ಅವರನ್ನು ಅಂಚಿಗೆ ಬಗ್ಗಲು ಬಿಡದೆ, ನಿಮ್ಮ ಮಗನೇ ಒಂದು ಬಾಟಲಿಯಲ್ಲಿ ನೀರು ಮೊಗೆದು ಅಜ್ಜಿಯ ಕೈಗೆ ಹಾಕಲಿ. ಹಂಸಗಳು ಹತ್ತಿರ ಬರುತ್ತವೆ, ಚೀಲದಲ್ಲಿ ಅವಲಕ್ಕಿ ಇದ್ದರೆ ಮುಚ್ಚಿಟ್ಟುಕೊಳ್ಳಿ.